‘ಇತರೆ’ ಎಂಬ ಕಾಲಂ

ತಿಂಗಳು ಮುಗಿಯುತ್ತಿದ್ದಂತೆ ನಮ್ಮ ಕಚೇರಿಯಿಂದ ಮೇಲಕ್ಕೆ ಹೋಗುತ್ತಿದ್ದ ಮೀನು ಇಳುವರಿಯ ತಖ್ತೆಯಲ್ಲಿ ಏಳು ಕಾಲಂಗಳಿದ್ದವು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಎಂಬ ಆರು ಹೆಸರುಗಳಾದ ಮೇಲೆ, ಹಾಳೆಯ ಬಲತುದಿಯಲ್ಲಿ ಅಂಚಿಗೆ ಒತ್ತಿಕೊಂಡು ‘ಇತರೆ’ ಎಂಬ ಕಾಲಂ ಇರುತ್ತಿತ್ತು. ಅದು ‘ಇತರೆ’ ಅಲ್ಲ, ‘ಇತರ’ ಎಂದು ಬರೆಯಬೇಕೆಂದು ನನ್ನ ಗೆಳೆಯರಾದ ಕನ್ನಡ ಮಾಸ್ತರರೊಬ್ಬರು ಹಲವು ಸಲ ತಿದ್ದಿದ್ದಾರೆ. ಆದರೆ ನಮೂನೆಯಲ್ಲಿ ಅಚ್ಚಾಗಿದ್ದುದು ಹಾಗೆ, ನಾವು ತುಂಬುತ್ತಿದ್ದುದೂ ಹಾಗೆ. 1989ರಿಂದ 2022ರವರೆಗೆ ಮೀನುಗಾರಿಕೆಯ ಸರ್ಕಾರಿ ನೌಕರಿಯಲ್ಲಿ, ಹೆಚ್ಚು ಕಾಲ ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿಯೇ ದುಡಿದ ನಾನು ಮೊದಲ ಆರು ಕಾಲಂಗಳಿಗಾಗಿ ಸಂಬಳ ಪಡೆದವನು. ಈಗ ನವನಗರದ ಮನೆಯಲ್ಲಿ ಕುಳಿತು ಹಳೆಯ ಡೈರಿಗಳನ್ನು ತಿರುವಿ ಹಾಕುವಾಗ ಕಣ್ಣು ನಿಲ್ಲುವುದು ಮಾತ್ರ ಆ ಏಳನೆಯ ಕಾಲಂಗೆ ಸೇರಿದ ಸಂಗತಿಗಳ ಮೇಲೆಯೇ.

ನಮ್ಮದು ಮುಧೋಳ ತಾಲ್ಲೂಕಿನ ಸಣ್ಣ ಊರು, ಮನೆತನ ಒಕ್ಕಲುತನದ್ದು. ಮನೆಯಲ್ಲಿ ಯಾರೂ ಮೀನು ತಿನ್ನುವವರಲ್ಲ, ನಾನೂ ಈವರೆಗೆ ತಿಂದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು, ದೇಶದ ಮೊದಲ ಮೀನುಗಾರಿಕಾ ಕಾಲೇಜು, ಅಲ್ಲಿ ಸೀಟು ಸಿಕ್ಕಿತೆಂದು ಹೇಳಿದ ದಿನ ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಜೀವಾ ತಗಿಯೂ ಸಾಲಿ ಏನೋ ಅದು?” ಎಂದು ಕೇಳಿದ್ದಳು. “ಅಲ್ಲಬೇ ಯವ್ವಾ, ಮರಿ ಬಿಡೂದು ಕಲಸ್ತಾರ” ಎಂದು ನಾನು ಹೇಳಿದ್ದೆ. ಆ ಉತ್ತರ ಅರ್ಧ ಸತ್ಯವೆಂದು ಆಗ ನನಗೂ ತಿಳಿದಿರಲಿಲ್ಲ. ನಾಲ್ಕು ವರ್ಷ ಬಂಗುಡೆ, ಬೂತಾಯಿ, ಟ್ರಾಲ್ ಬಲೆ ಎಂದು ಕಡಲಿನ ಪಾಠ ಕಲಿತು, ಕೊನೆಗೆ ಕಡಲಿನ ಗಾಳಿಯೂ ಸುಳಿಯದ ನಮ್ಮ ಸೀಮೆಗೇ ನೇಮಕವಾಗಿ ಬಂದೆ.

ಮೊದಲ ನೇಮಕ ಬೆಳಗಾವಿ ಜಿಲ್ಲೆಯ ಅಣೆಕಟ್ಟೊಂದರ ಕೆಳಗಿದ್ದ ಮೀನುಮರಿ ಕೇಂದ್ರಕ್ಕೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗಾ ಬಯಲಿನ ಕಡೆಯ ಮೀನುಗಳು. ಮುಂಗಾರಿನ ನೆರೆ ಏರಿದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ಇವು ನಿಂತ ನೀರಿನ ಹೊಂಡದಲ್ಲಿ ಎಷ್ಟೇ ಕೊಬ್ಬಿ ಬೆಳೆದರೂ ತಾವಾಗಿ ಮೊಟ್ಟೆ ಬಿಡುವುದಿಲ್ಲ. ಹಾಗಾಗಿ ಒಂದು ಕಾಲದಲ್ಲಿ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. ಡಾ. ಹೀರಾಲಾಲ್ ಚೌಧುರಿಯವರು 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಹೊಂಡದಲ್ಲಿಯೇ ಮೊಟ್ಟೆ ಬಿಡಿಸಿದ ಮೇಲೆ ಆ ಕಷ್ಟ ತಪ್ಪಿತು. ಅದೇ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಸಿದ್ಧ ಔಷಧದ ಬಾಟಲಿ ನಮ್ಮ ಕೈಗೆ ಬರುವವರೆಗೆ ನಾವೂ ಅದೇ ಹಳೆಯ ವಿಧಾನದಲ್ಲಿಯೇ ಕೆಲಸ ಮಾಡಿದೆವು. ಮಾರುಕಟ್ಟೆಯಿಂದ ಗೆಂಡೆ ಮೀನಿನ ತಲೆಗಳನ್ನು ಚೀಲದಲ್ಲಿ ತಂದು, ಬುರುಡೆಯ ಮೇಲ್ಭಾಗವನ್ನು ಕೊಯ್ದು ಮೆದುಳನ್ನು ಮೆಲ್ಲಗೆ ಎತ್ತಿದರೆ, ಅದರ ಕೆಳಗೆ ಜೋಳದ ನುಚ್ಚಿನಷ್ಟು ದೊಡ್ಡ ಬಿಳಿಯ ಗ್ರಂಥಿ ಸಿಗುತ್ತಿತ್ತು. ಅದನ್ನು ಚಿಮುಟದಿಂದ ಬಿಡಿಸಿ ಶುದ್ಧ ಆಲ್ಕೋಹಾಲಿನ ಕಂದು ಬಾಟಲಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಮೀನು ತಿನ್ನದ ಮನೆಯ ಹುಡುಗ ಮೊದಲ ವಾರ ಊಟ ಬಿಟ್ಟದ್ದು ನಿಜ.

ಸಂಜೆ ಹೆಣ್ಣು ಮೀನಿಗೆ ತೂಕದ ಪ್ರತಿ ಕಿಲೋಗೆ ಎರಡು ಮೂರು ಮಿಲಿಗ್ರಾಂ ಗ್ರಂಥಿಯ ಲೆಕ್ಕದಲ್ಲಿ ಮೊದಲ ಚುಚ್ಚುಮದ್ದು ಹಾಕುತ್ತಿದ್ದೆವು; ಆರು ತಾಸಿನ ನಂತರ, ಅಂದರೆ ನಡುರಾತ್ರಿಗೆ, ಅದರ ಎರಡು ಮೂರು ಪಟ್ಟು ಪ್ರಮಾಣದ ಎರಡನೆಯದು. ಗಂಡಿಗೆ ಆ ಹೊತ್ತಿನ ಒಂದೇ ಸೂಜಿ ಸಾಕು. ಒಂದು ಹೆಣ್ಣಿಗೆ ಎರಡು ಗಂಡು ಮೀನು ಸೇರಿಸಿ, ನೀರಿನಲ್ಲಿ ಕಟ್ಟಿದ ಬಟ್ಟೆಯ ತೊಟ್ಟಿಯಲ್ಲಿ, ಅಂದರೆ ಹಾಪಾದಲ್ಲಿ, ಬಿಟ್ಟು ದಡದ ಮೇಲೆ ಕಂಬಳಿ ಹೊದ್ದು ಕಾಯುತ್ತ ಕೂರುತ್ತಿದ್ದೆವು. ಬೆಳಗಿನ ಜಾವಕ್ಕೆ ನೀರು ಪಟಪಟ ಬಡಿದುಕೊಳ್ಳುವ ಸದ್ದು ಕೇಳಿಬಂದರೆ ಕೆಲಸ ಗೆದ್ದಂತೆ. ಮೊಟ್ಟೆಗಳು ನೀರು ಕುಡಿದು, ನೆನೆಸಿದ ಸಾಬೂದಾನಿಯಂತೆ ಉಬ್ಬಿ ಪಾರದರ್ಶಕವಾಗುತ್ತವೆ. ಹದಿನಾಲ್ಕರಿಂದ ಹದಿನೆಂಟು ತಾಸಿನಲ್ಲಿ ಒಡೆದು ಕಣ್ಣಿಗೆ ಕಂಡೂ ಕಾಣದಂಥ ಮರಿ ಹೊರಬೀಳುತ್ತದೆ. ಲಕ್ಷಗಟ್ಟಲೆ ಮರಿಗಳನ್ನು ಒಂದೊಂದಾಗಿ ಎಣಿಸಿದವರು ಯಾರೂ ಇಲ್ಲ. ತೂತಿನ ಬಟ್ಟಲಿನಲ್ಲಿ ಒಮ್ಮೆ ಎತ್ತಿ, ಅದರಲ್ಲಿರುವಷ್ಟನ್ನು ಎಣಿಸಿ, ಅನಂತರ ಎಷ್ಟು ಬಟ್ಟಲಾಯಿತೋ ಅಷ್ಟರಿಂದ ಗುಣಿಸುವುದು ಪದ್ಧತಿ. ನಮ್ಮ ಅಂಕಿಅಂಶದ ಬುಡ ಆ ಬಟ್ಟಲು; ಬಟ್ಟಲನ್ನು ಹಿಡಿದ ಕೈ ಅವಸರದಲ್ಲಿತ್ತೆ, ನಿಧಾನವಾಗಿತ್ತೆ ಎಂಬುದರ ಮೇಲೆ ಅದು ನಿಂತಿತ್ತು.

ಮರಿ ಬಿಡುವ ಮುನ್ನ ಕೆರೆಯನ್ನು ಹಸನು ಮಾಡಬೇಕೆಂಬುದು ಕಾಲೇಜಿನ ಪಾಠ. ಮರಿ ಬೆಳೆಸುವ ಹೊಂಡದಲ್ಲಿ ಮೊದಲೇ ಇದ್ದ ಊರ ಮೀನುಗಳಲ್ಲಿ ಸಣ್ಣವಕ್ಕೆ ಪುಸ್ತಕದಲ್ಲಿ ‘ಕಳೆ ಮೀನು’ ಎಂದೂ ದೊಡ್ಡವಕ್ಕೆ ‘ಭಕ್ಷಕ ಮೀನು’ ಎಂದೂ ಹೆಸರು. ಅವುಗಳನ್ನು ತೆಗೆಯಲು ಹಿಪ್ಪೆ ಹಿಂಡಿ ಹಾಕುತ್ತಿದ್ದೆವು; ಒಂದು ಹೆಕ್ಟೇರಿನ, ಒಂದು ಮೀಟರು ಆಳದ ನೀರಿಗೆ 2,500 ಕಿಲೋ. ಹಿಂಡಿಯಲ್ಲಿರುವ ಸಪೋನಿನ್ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ, ಕೆಲವು ತಾಸುಗಳಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಮುಂದೆ ಕೊಳೆತ ಹಿಂಡಿಯೇ ಗೊಬ್ಬರವಾಗುತ್ತದೆ. ಆರ್ಥಿಕವಾಗಿ ನೋಡಿದರೆ ಚೊಕ್ಕ ವಿಧಾನ. ವಿಜಯಪುರ ಜಿಲ್ಲೆಯಲ್ಲಿದ್ದಾಗ ನಾನು ಹೀಗೆ ಹಸನು ಮಾಡಿಸಿದ ಹೊಂಡಗಳ ಪಟ್ಟಿ ಒಂದು ಡೈರಿಯಲ್ಲಿದೆ. ಪಟ್ಟಿಯ ಪಕ್ಕದಲ್ಲಿ ಹಿಂಡಿಯ ಚೀಲಗಳ ಸಂಖ್ಯೆ ಇದೆ, ತೇಲಿಬಂದ ಮೀನುಗಳ ಹೆಸರಿಲ್ಲ. ಬಾಳೆಮೀನು, ಗಿರ್ಲು, ಚೇಳುಮೀನು, ಕೊರವ ಎಂದು ದಡದಲ್ಲಿ ನಿಂತ ಹುಡುಗರು ಕೂಗಿ ಹೇಳುತ್ತಿದ್ದುದು ನೆನಪಿದೆ, ನಾನು ಬರೆದುಕೊಳ್ಳಲಿಲ್ಲ. ಅವ್ವನಿಗೆ ಕೊಟ್ಟ ಉತ್ತರದ ಉಳಿದರ್ಧ ಇದು.

ಈ ಮೀನುಗಳ ಹೆಸರನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಂಬಿಗರ ಹಿರಿಯರೊಬ್ಬರಿಂದ. ಬೀಳಗಿ ಕಡೆಯ ಅವರನ್ನು ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ವಯಸ್ಸಿನಲ್ಲಿ ಹಿರಿಯರಾದರೂ ಅವರು ನನ್ನನ್ನು ಸಾಹೇಬ್ರ ಎನ್ನುವುದನ್ನು ಬಿಡಲಿಲ್ಲ. ಜಲಾಶಯಕ್ಕೆ ಬೆರಳುದ್ದಕ್ಕಿಂತ ಚಿಕ್ಕ ಮರಿಗಳನ್ನು ತಂದು ಬಿಡುತ್ತಿದ್ದ ಒಂದು ದಿನ ಹರಗೋಲಿನಲ್ಲಿ ಕುಳಿತು ನೋಡುತ್ತಿದ್ದ ಅವರು, “ಸಾಹೇಬ್ರ, ನೀವು ಮರಿ ಬಿಡಾಕ ಹತ್ತೀರೊ, ಬಾಳಿಮೀನಿಗೆ ನಾಷ್ಟಾ ಹಾಕಾಕ ಹತ್ತೀರೊ?” ಎಂದು ಕೇಳಿದರು. ಪುಸ್ತಕವೂ ಅದನ್ನೇ ಹೇಳುತ್ತದೆ: ದೊಡ್ಡ ಜಲಾಶಯಕ್ಕೆ ಎಂಟು ಹತ್ತು ಸೆಂಟಿಮೀಟರಿಗೆ ಬಲಿತ ಮರಿಗಳನ್ನೇ ಬಿಡಬೇಕು, ಇಲ್ಲವಾದರೆ ಬಹುಪಾಲು ಬೇರೆ ಮೀನುಗಳ ಹೊಟ್ಟೆ ಸೇರುತ್ತವೆ. ಆದರೆ ಬಲಿತ ಮರಿ ಬೆಳೆಸಲು ಹೊಂಡ ಬೇಕು, ದಿನ ಬೇಕು, ಮೇವು ಬೇಕು. ಗುರಿಯನ್ನು ಲಕ್ಷದ ಲೆಕ್ಕದಲ್ಲಿ ಕೊಟ್ಟಾಗ ಸಣ್ಣ ಮರಿಯಿಂದ ಲಕ್ಷ ಬೇಗ ತುಂಬುತ್ತದೆ. ಬಿತ್ತನೆಯ ರಜಿಸ್ಟರಿನಲ್ಲಿ ಮರಿಯ ಸಂಖ್ಯೆ ದೊಡ್ಡ ಅಕ್ಷರದಲ್ಲಿಯೂ ಅಳತೆ ಸಣ್ಣ ಅಕ್ಷರದಲ್ಲಿಯೂ ಇರುತ್ತಿದ್ದುದು ಬಹುಶಃ ಈ ಕಾರಣಕ್ಕೆ.

ಆಲಮಟ್ಟಿಯ ಕಥೆ ಬೇರೆಯೇ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ, ಅಬ್ದುಲ್ ಕಲಾಂ ಅವರು 2006ರಲ್ಲಿ ರಾಷ್ಟ್ರಕ್ಕೆ ಅರ್ಪಿಸಿದ ಆ ಅಣೆಕಟ್ಟಿನ ನೀರು 519.60 ಮೀಟರು ಮಟ್ಟಕ್ಕೆ ನಿಂತಾಗ 123 ಟಿಎಂಸಿ ಹಿಡಿಸುತ್ತದೆ. ಹಳೆಯ ಬಾಗಲಕೋಟೆಯ ಓಣಿಗಳೂ ಎಷ್ಟೋ ಹಳ್ಳಿಗಳೂ ಮುಳುಗಿದ್ದನ್ನು ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ನೌಕರಿಯ ದೃಷ್ಟಿಯಿಂದ ಹೇಳುವುದಾದರೆ, ಜಲಾಶಯ ಹೊಸದಾಗಿ ತುಂಬಿದ ಮೊದಲ ವರ್ಷಗಳು ಸುಗ್ಗಿಯ ವರ್ಷಗಳಾಗಿದ್ದವು. ಮುಳುಗಿದ ಹೊಲದ ಗೊಬ್ಬರ, ಹಿತ್ತಲಿನ ತಿಪ್ಪೆ, ಗಿಡಗಂಟಿಗಳು ಎಲ್ಲವೂ ಕೊಳೆತು ನೀರಿಗೆ ಸತ್ವ ಬಿಡುತ್ತವೆ. ಪಾಚಿ ಹೆಚ್ಚುತ್ತದೆ, ಮೀನು ಉಕ್ಕಿ ಬರುತ್ತದೆ. ಆ ಸತ್ವ ತೀರಿದ ಮೇಲೆ ಇಳುವರಿ ಕುಸಿಯುತ್ತದೆ. ಲೋಕದ ಬಹುತೇಕ ಹೊಸ ಜಲಾಶಯಗಳಲ್ಲಿ ಕಂಡುಬಂದಿರುವ ಸಂಗತಿ ಇದು. ಆದರೂ ಏರಿಕೆಯ ವರ್ಷಗಳಲ್ಲಿ ಅದು ನಮ್ಮ ಬಿತ್ತನೆಯ ಫಲವೆಂದು ವರದಿ ಬರೆದೆವು, ಇಳಿಕೆಯ ವರ್ಷಗಳಲ್ಲಿ ಮಳೆಯ ಅಭಾವವೆಂದು ಬರೆದೆವು. ಎರಡಕ್ಕೂ ನನ್ನ ಸಹಿ ಇದೆ.

ಸುಗ್ಗಿಯ ಸುದ್ದಿ ಕೇಳಿ ಹೊರಗಿನ ಗುಂಪುಗಳು ಅಳಿವಿ ಬಲೆಯೊಂದಿಗೆ ಬಂದವು. ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ, ಒಂದು ದಂಡೆಯನ್ನೇ ಸುತ್ತುವರಿಯುವಷ್ಟು ಉದ್ದದ ಎಳೆಬಲೆ ಅದು. ನಾವು ಬಿಟ್ಟ ಮರಿ, ಬಿಡದ ಮರಿ ಎಂಬ ಭೇದವಿಲ್ಲದೆ ಎಲ್ಲವನ್ನೂ ಬಳಿದು ತರುತ್ತದೆ. ಹಾಗೆ ಬಂದ ಮರಿಗಳನ್ನು ಮರಳಿನ ಮೇಲೆ ಹರಡಿ ಒಣಗಿಸಿ ಮೂಟೆ ಕಟ್ಟುತ್ತಿದ್ದರು. ರಾಜ್ಯದ ಒಳನಾಡು ಮೀನುಗಾರಿಕೆಯ ಕಾಯ್ದೆ 1996ರದ್ದು; ವಿಷ, ಸಿಡಿಮದ್ದುಗಳಿಂದ ಮೀನು ಹಿಡಿಯುವುದನ್ನೂ ಬಲೆಗಳನ್ನೂ ನಿಯಂತ್ರಿಸುವ ಅಧಿಕಾರ ಕಾಗದದ ಮೇಲೆ ನಮಗಿತ್ತು. ಒಂದು ಜೀಪು, ಇಬ್ಬರು ಕ್ಷೇತ್ರಪಾಲಕರು, ಬಾಡಿಗೆಯ ಒಂದು ದೋಣಿ ಇಟ್ಟುಕೊಂಡು ಆ ಸಮುದ್ರದಂಥ ಹಿನ್ನೀರಿನಲ್ಲಿ ಅಧಿಕಾರವನ್ನು ಎಷ್ಟು ದೂರ ಚಲಾಯಿಸಬಹುದೋ ಅಷ್ಟು ದೂರ ಚಲಾಯಿಸಿದೆವು.

ಅಂಥ ಒಂದು ದಿನ, ಏಪ್ರಿಲ್ ಕೊನೆಯ ವಾರ, ವಶಪಡಿಸಿಕೊಂಡ ಬಲೆಯನ್ನು ಎಳೆದು ಹಾಕಲೆಂದು ಹಿನ್ನೀರಿನ ನಡುಗಡ್ಡೆಯೊಂದಕ್ಕೆ ಇಳಿದಿದ್ದೆವು. ಬೇಸಿಗೆಯಲ್ಲಿ ನೀರು ಇಳಿದಂತೆ ಎದ್ದು ಕಾಣುವ ದಿಬ್ಬಗಳಲ್ಲಿ ಅದೂ ಒಂದು. ಮುಳುಗಿದ ಊರಿನ ಯಾವುದೋ ಮನೆಯ ಗೋಡೆಯ ಬುಡ ಅಲ್ಲಿ ಇನ್ನೂ ಇತ್ತು. ನಮ್ಮ ಜೊತೆಗಿದ್ದ ಕಾಕಾ ಒಮ್ಮೆಲೇ, “ನಿಂದ್ರರಿ ಸಾಹೇಬ್ರ, ಕಾಲ ಕೆಳಗ ನೋಡ್ರಿ” ಎಂದು ಕೂಗಿದರು. ನನ್ನ ಬೂಟಿನ ಮುಂದೆ, ಬರಿ ನೆಲದ ಮೇಲೆ, ಕಲ್ಲಿನದೇ ಬಣ್ಣದ ಮೂರು ಮೊಟ್ಟೆಗಳಿದ್ದವು. ತಲೆಯೆತ್ತಿದರೆ ಹಳದಿ ಕೊಕ್ಕಿನ ಕಪ್ಪು ಟೋಪಿಯ ಹಕ್ಕಿಗಳು ಹತ್ತಾರು ಸಂಖ್ಯೆಯಲ್ಲಿ ತಲೆಗೆ ಕುಕ್ಕುವಷ್ಟು ಕೆಳಗೆ ಹಾರುತ್ತ ಕಿರುಚುತ್ತಿದ್ದವು. ಅವು ನದಿ ರೀವಗಳು. ಅಷ್ಟು ವರ್ಷ ಜಲಾಶಯದ ಮೇಲೆ ತಿರುಗಾಡಿಯೂ, ಅವು ಮೀನು ತಿನ್ನುವ ಹಕ್ಕಿಗಳೆಂಬುದಕ್ಕಿಂತ ಹೆಚ್ಚಿನದೇನನ್ನೂ ನಾನು ತಿಳಿದಿರಲಿಲ್ಲ. ಗೂಡು ಕಟ್ಟದೆ ನೆಲದಲ್ಲಿಯೇ ಮೊಟ್ಟೆಯಿಡುವ ಈ ಹಕ್ಕಿಗೆ, ನಾಯಿ ನರಿಗಳು ಬರದಂತೆ ಸುತ್ತ ನೀರಿರುವ, ಆದರೆ ತಾನು ಮುಳುಗದ ದಿಬ್ಬ ಬೇಕು. ಅದೂ ಮಾರ್ಚಿನಿಂದ ಜೂನ್ ಆರಂಭದವರೆಗೆ ಮಾತ್ರ. ನೀರು ಹೆಚ್ಚು ಇಳಿದರೆ ದಿಬ್ಬ ದಂಡೆಗೆ ಕೂಡಿಕೊಂಡು ನಾಯಿಗಳಿಗೆ ದಾರಿಯಾಗುತ್ತದೆ, ಬೇಗ ಏರಿದರೆ ಮರಿಗಳು ತೇಲಿಹೋಗುತ್ತವೆ. ಅದೇ ತಿಂಗಳುಗಳಲ್ಲಿ ಮೀನುಗಾರರಿಗೂ ಬಲೆ ಒಣಗಿಸಲು, ಒಲೆ ಹೂಡಲು ಅದೇ ದಿಬ್ಬ ಬೇಕಾಗುತ್ತದೆ.

ಆ ವರ್ಷದಿಂದ ಅರಣ್ಯದವರೊಂದಿಗೆ ನನ್ನ ಒಡನಾಟ ಬೆಳೆಯಿತು. ಮೀನುಗಾರರ ಸಹಕಾರ ಸಂಘದವರನ್ನು ಕೂಡಿಸಿ, ಆ ಒಂದು ದಿಬ್ಬವನ್ನು ಮೂರು ತಿಂಗಳು ಹಕ್ಕಿಗೆ ಬಿಟ್ಟುಕೊಟ್ಟು ಬೇರೊಂದು ದಿಬ್ಬದಲ್ಲಿ ಬಿಡಾರ ಹೂಡಬೇಕೆಂದು ಮಾತಾಯಿತು. ಕಾಗದವಿಲ್ಲ, ಆದೇಶವಿಲ್ಲ, ಕಾಕಾ ಎದ್ದು ನಿಂತು, “ಬಾಣಂತನದ ಮನಿ ಐತಿ, ಮೂರ ತಿಂಗಳ ಆಚಿಗಿ ಮಲಕೊಂಡ್ರ ಏನ ಆಕ್ಕೇತಿ” ಎಂದದ್ದಕ್ಕೆ ಉಳಿದವರು ನಕ್ಕು ಒಪ್ಪಿದರು. ಮೂರು ಬೇಸಿಗೆ ಈ ಏರ್ಪಾಡು ನಡೆಯಿತು. ಎರಡನೆಯ ಬೇಸಿಗೆಯಲ್ಲಿ ದೂರದಿಂದ ದುರ್ಬೀನಿನಲ್ಲಿ ಎಣಿಸಿದಾಗ ನನ್ನ ಡೈರಿಯಲ್ಲಿ 61 ಗೂಡುಗಳೆಂದಿದೆ. ಅವುಗಳ ನಡುವೆ ಚೂಪು ರೆಕ್ಕೆಯ ಸಣ್ಣ ಚಿಟವ ಹಕ್ಕಿಗಳೂ ಮೊಟ್ಟೆಯಿಟ್ಟಿದ್ದವು. ಮೂರನೆಯ ಬೇಸಿಗೆಯಲ್ಲಿ, ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಮಳೆ ಬೇಗ ಹಿಡಿದು, ಜೂನ್ ಮೊದಲ ವಾರದಲ್ಲಿಯೇ ಒಳಹರಿವು ಬಂತು. ಇನ್ನೂ ಹಾರಲು ಬಾರದ ಮರಿಗಳೊಂದಿಗೆ ದಿಬ್ಬ ಎರಡು ದಿನದಲ್ಲಿ ಮುಳುಗಿತು. ಅದು ಯಾರ ತಪ್ಪೂ ಅಲ್ಲ. ನಾಲ್ಕನೆಯ ಬೇಸಿಗೆಗೆ ನನಗೆ ವರ್ಗವಾಗಿತ್ತು, ದಿಬ್ಬದ ಮೇಲೆ ಹೊಸಬರ ಬಿಡಾರ ಬಿದ್ದಿತ್ತು. ಅದನ್ನು ತಪ್ಪು ಎಂದು ಹೇಳಲು ನನ್ನ ಬಳಿ ಕಾಗದವೇ ಇರಲಿಲ್ಲ. ಮಾತಿನ ಮೇಲೆ ನಡೆದದ್ದನ್ನು ಆದೇಶವಾಗಿ ಬರೆಸಿಡದೇ ಹೋದದ್ದು ನನ್ನ ಇಡೀ ನೌಕರಿಯ ದೊಡ್ಡ ಲೋಪವೆಂದು ಈಗ ಅನಿಸುತ್ತದೆ.

ಹಾವುಮೀನಿನ ವಿಷಯ ಇನ್ನೊಂದು ಬಗೆಯದು. ಮೀಟರಿಗೂ ಮೀರಿ ಉದ್ದ ಬೆಳೆಯುವ, ತೋಳಿನಂತೆ ದಪ್ಪನಾದ ಈ ಮೀನು ಹುಟ್ಟುವುದು ಹಿಂದೂ ಮಹಾಸಾಗರದ ಆಳದಲ್ಲಿ. ಮರಿಯಾಗಿ ನದೀಮುಖಕ್ಕೆ ಬಂದು ಹೊಳೆ ಹಿಡಿದು ಮೇಲೇರಿ, ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತದೆ. ಆಂಧ್ರದ ಹಂಸಲದೀವಿಯ ಬಳಿ ಕಡಲು ಸೇರುವ ಕೃಷ್ಣೆಯಲ್ಲಿ ಈಜಿ ಅದು ನಮ್ಮ ಚಿಕ್ಕಸಂಗಮದವರೆಗೆ, ಕೂಡಲಸಂಗಮದವರೆಗೆ ಬರುತ್ತಿತ್ತೆಂದರೆ ಇಂದಿನ ಹುಡುಗರು ನಂಬುವುದಿಲ್ಲ. ನಾಗಾರ್ಜುನಸಾಗರ, ಶ್ರೀಶೈಲ, ನಾರಾಯಣಪುರ, ಆಲಮಟ್ಟಿ ಎಂದು ಒಂದರ ಮೇಲೊಂದು ಗೋಡೆ ಎದ್ದ ಮೇಲೆ ಆ ದಾರಿ ಮುಚ್ಚಿತು. ಮೀನು ಹತ್ತುವ ಮೆಟ್ಟಿಲುಗಳ ಚಿತ್ರವನ್ನು ಕಾಲೇಜಿನ ಪುಸ್ತಕದಲ್ಲಿ ನೋಡಿದ್ದೇನೆ, ನಾನು ಕೆಲಸ ಮಾಡಿದ ಯಾವ ಅಣೆಕಟ್ಟಿನಲ್ಲಿಯೂ ನೋಡಲಿಲ್ಲ. ಕಾಕಾ ತಮ್ಮ ಪ್ರಾಯದಲ್ಲಿ ಮಡುವಿನ ಕಲ್ಲುಪೊಟರೆಗಳಿಂದ ಹಾವುಮೀನು ಎಳೆದದ್ದನ್ನು ಹೇಳುವಾಗ ಕೈ ಅಗಲಿಸಿ ತೋರಿಸುತ್ತಿದ್ದರು. ನನ್ನ ಡೈರಿಯಲ್ಲಿ ಹಾವುಮೀನಿನ ಕೊನೆಯ ದಾಖಲೆ 2003ರದ್ದು, ಒಂದೇ ಮೀನು. ತಖ್ತೆಯಲ್ಲಿ ಅದು ಎರಡು ಕಿಲೋ ‘ಇತರೆ’ ಆಗಿ ಹೋಯಿತು.

ಘಟಪ್ರಭೆಯಲ್ಲಿ ಮೀನು ಸತ್ತ ಬೆಳಿಗ್ಗೆಯನ್ನು ಬರೆಯದೆ ಮುಂದೆ ಹೋಗಲಾರೆ. ಬೇಸಿಗೆಯಲ್ಲಿ ಹೊಳೆಯ ಹರಿವು ನಿಂತು ಮಡುಗಳಷ್ಟೇ ಉಳಿದಿರುತ್ತವೆ. ಅಂಥ ಹೊತ್ತಿನಲ್ಲಿ ರಾತ್ರೋರಾತ್ರಿ ಕಾರ್ಖಾನೆಯೊಂದರ ಕೊಳೆನೀರು ಹಳ್ಳದ ಮೂಲಕ ಬಂದಿತ್ತು. ನಾನು ಹೋದಾಗ ನೀರು ಹಳೆಯ ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು, ಬದುಕಿದ್ದ ಮೀನುಗಳು ಬಾಯಿಯನ್ನು ನೀರಿನ ಮೇಲಿಟ್ಟು ಗಾಳಿ ನುಂಗುತ್ತಿದ್ದವು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಹಳೆಯ ಕ್ರಮವೊಂದಿದೆ: ಗಾಳಿಗುಳ್ಳೆ ಸೇರದಂತೆ ಗಾಜಿನ ಬಾಟಲಿಗೆ ನೀರು ತುಂಬಿ ಮ್ಯಾಂಗನಸ್ ಸಲ್ಫೇಟ್, ಅನಂತರ ಕ್ಷಾರಯುಕ್ತ ಅಯೋಡೈಡ್ ಹಾಕಿದರೆ, ಆಮ್ಲಜನಕವಿದ್ದಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ, ಇಲ್ಲವಾದಲ್ಲಿ ಬಿಳಿಯದು. ಅಂದು ನಾನು ತುಂಬಿದ ನಾಲ್ಕು ಬಾಟಲಿಗಳಲ್ಲಿಯೂ ಗಸಿ ಹಾಲಿನಂತೆ ಬೆಳ್ಳಗೆ ಕುಳಿತಿತು. ಸಕ್ಕರೆಯ ಅಂಶವಿರುವ ಕೊಳೆ ನೀರಿಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೆಲ್ಲ ಹೀರುತ್ತವೆ. ಮೀನು ಸಾಯುವುದು ವಿಷದಿಂದಲ್ಲ, ಉಸಿರುಗಟ್ಟಿ. ವರದಿ ಕಳಿಸಿದೆ. ಸಂಬಂಧಪಟ್ಟ ಕಚೇರಿಯವರು ಮಾದರಿ ಸಂಗ್ರಹಿಸಲು ಬಂದದ್ದು ಹನ್ನೊಂದು ದಿನದ ಮೇಲೆ. ಅಷ್ಟರಲ್ಲಿ ಮೇಲಿನ ಅಣೆಕಟ್ಟಿನಿಂದ ಕುಡಿಯುವ ನೀರಿಗೆಂದು ಬಿಟ್ಟ ಹರಿವು ಮಡುವನ್ನು ತೊಳೆದು ಹೋಗಿತ್ತು. ನೀರಿನ ಗುಣಮಟ್ಟ ತೃಪ್ತಿಕರವಾಗಿದೆ ಎಂಬ ಉತ್ತರ ಬಂತು. ಆ ದಿನದ ಮಟ್ಟಿಗೆ ಅದು ನಿಜವೂ ಆಗಿತ್ತು.

ಸತ್ತ ಮೀನುಗಳ ರಾಶಿಯಲ್ಲಿ ಮೆತ್ತನೆಯ ಚಿಪ್ಪಿನ ಎರಡು ಆಮೆಗಳೂ ಇದ್ದವು. ಅವುಗಳನ್ನು ಯಾವ ತಖ್ತೆಯಲ್ಲಿ ತೋರಿಸಬೇಕೆಂಬುದು ನಮಗೂ ತಿಳಿಯಲಿಲ್ಲ, ಅರಣ್ಯದವರಿಗೂ ತಿಳಿಯಲಿಲ್ಲ. ಹೊಳೆ ಕಾಡಿನೊಳಗಿದ್ದರೆ ಅವರದು, ಮೀನು ಇದ್ದರೆ ನಮ್ಮದು, ನೀರು ನೀರಾವರಿಯವರದು, ಮರಳು ಗಣಿಯವರದು. ನಮ್ಮ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಜಿಂಕೆಗಳಿಗೆಂದು 2016ರಲ್ಲಿ 96 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು, ಖಾನಾಪುರದ ಭೀಮಗಡಕ್ಕೆ 2011ರಲ್ಲಿಯೇ ಆಗಿತ್ತು, ಧುಪದಾಳದ ಹಿನ್ನೀರಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಮೂರರ ಬಗ್ಗೆಯೂ ನನಗೆ ಸಂತೋಷವಿದೆ. ಆದರೆ ಇವುಗಳ ನಡುವಿನ ನೂರಾರು ಮೈಲಿ ಹೊಳೆಯಲ್ಲಿ ಬದುಕುವ ನೀರುನಾಯಿ, ಆಮೆ, ಮೊಸಳೆಗಳು ಧಾಮವಿಲ್ಲದ ವನ್ಯಜೀವಿಗಳು.

ಮೊಸಳೆಯ ಬಗ್ಗೆ ಜನರಿಗೆ ನೆನಪಿರುವುದು 2019ರ ಆಗಸ್ಟಿನ ನೆರೆ. ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯ ಚಾವಣಿಯ ಮೇಲೆ ಮೊಸಳೆಯೊಂದು ಹತ್ತಿ ಕುಳಿತ ಚಿತ್ರ ಆಗ ದೇಶವೆಲ್ಲ ಸುತ್ತಿತು. ನೆರೆ ಇಳಿದ ಮೇಲೆ ಕಬ್ಬಿನ ಗದ್ದೆಗಳಲ್ಲಿ ಸಿಕ್ಕಿಬಿದ್ದ ಮೊಸಳೆಗಳನ್ನು ಹಿಡಿಯಲು ಅರಣ್ಯದವರು ಬಲೆಯನ್ನೂ ಅಂಬಿಗರನ್ನೂ ಕೇಳಿ ನಮಗೆ ಫೋನು ಮಾಡಿದ್ದರು. ಮೂರು ರಾತ್ರಿ ನಾನೂ ಹೋಗಿದ್ದೆ. ಊರವರು ಮೊಸಳೆ ಹೆಚ್ಚಾಗಿವೆ ಎನ್ನುತ್ತಿದ್ದರು. ಹೆಚ್ಚಾದದ್ದು ಮೊಸಳೆಯೋ, ಅದಕ್ಕೂ ನಮಗೂ ಆಗುವ ಮುಖಾಮುಖಿಯೋ ಎಂದು ಹೇಳಲು ಎಣಿಕೆಯಿರಬೇಕು. ನಾನು ಕಂಡಂತೆ ಹೇಳುವುದಾದರೆ, ಫೆಬ್ರವರಿ ಮಾರ್ಚಿನಲ್ಲಿ ಹೊಳೆದಂಡೆಯ ಮರಳಿನಲ್ಲಿ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆಯಿಡುವ ಪ್ರಾಣಿಗೆ, ಮರಳನ್ನೆಲ್ಲ ಟ್ರಾಕ್ಟರಿನಲ್ಲಿ ಸಾಗಿಸಿದ ಮೇಲೆ ದಂಡೆಯೆಂದು ಉಳಿದಿರುವುದು ರೈತರ ಬದುವೇ.

ಇನ್ನು ಏಳನೆಯ ಕಾಲಂನ ಒಳಗಿನ ಮಾತು. ನಿವೃತ್ತಿಯ ಹೊತ್ತಿಗೆ, ಹಳೆಯ ಸಂಖ್ಯೆಗಳನ್ನು ಹೊಸಬರಿಗೆ ಒಪ್ಪಿಸುವ ಮುನ್ನ, ಹದಿನೈದು ವರ್ಷಗಳ ‘ಇತರೆ’ಯನ್ನು ಒಂದೆಡೆ ಬರೆದು ನೋಡಿದೆ. ಕುಸಿದಿದೆಯೆಂದು ನಂಬಿದ್ದೆ, ಕುಸಿದಿರಲಿಲ್ಲ, ತುಸು ಏರಿತ್ತು. ಸಂಖ್ಯೆಯನ್ನಷ್ಟೇ ನೋಡುವವರಿಗೆ ನಮ್ಮ ಹೊಳೆಯ ಮೀನುಗಳು ಸುಖವಾಗಿವೆ. ನಾನು 2008ರಿಂದ ಬೇರೆ ನೋಟುಪುಸ್ತಕದಲ್ಲಿ, ಕಾಕಾನ ಬಾಯಿಂದ ಹೆಸರು ಕೇಳಿ, ಆ ಕಾಲಂ ಒಡೆದು ಬರೆಯುತ್ತ ಬಂದಿರದಿದ್ದರೆ ನಾನೂ ಹಾಗೆಯೇ ನಂಬುತ್ತಿದ್ದೆ. ಆರಂಭದ ವರ್ಷಗಳಲ್ಲಿ ಅದರೊಳಗೆ ಬಾಳೆಮೀನು, ಕೊರವ, ಗಿರ್ಲು, ಚೇಳುಮೀನು, ಸೀಗಡಿ ಇದ್ದವು. ಕೊನೆಯ ವರ್ಷಗಳಲ್ಲಿ ಮುಕ್ಕಾಲು ಪಾಲು ಜಿಲೇಬಿಯೊಂದೇ. ಜಿಲೇಬಿ ಎಂದು ನಮ್ಮ ಜನ ಕರೆಯುವ ತಿಲಾಪಿಯಾ ಆಫ್ರಿಕಾ ಮೂಲದ್ದು, 1952ರಲ್ಲಿ ಶ್ರೀಲಂಕಾದಿಂದ ಭಾರತಕ್ಕೆ ಬಂದದ್ದು. ನಿಂತ ನೀರಿನಲ್ಲಿಯೇ ವರ್ಷಕ್ಕೆ ಹಲವು ಸಲ ಮರಿ ಮಾಡಿ, ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಯುವ ಮೀನು. ಅದರ ಜೊತೆಗೆ, ನಿಷೇಧವಿದ್ದರೂ ಕದ್ದುಮುಚ್ಚಿ ಸಾಕಿದ ಹೊಂಡಗಳಿಂದ ನೆರೆಯ ವರ್ಷಗಳಲ್ಲಿ ತಪ್ಪಿಸಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್. ಒಂದು ಕಿಲೋ ಬಾಳೆಮೀನು ಹೋಗಿ ಒಂದು ಕಿಲೋ ಜಿಲೇಬಿ ಬಂದರೆ ತಖ್ತೆಯಲ್ಲಿ ಏನೂ ಆಗಿಲ್ಲ.

ಆ ಕಾಲಂ ಅನ್ನು ನಾಲ್ಕೈದು ಹೆಸರುಗಳಾಗಿ ಒಡೆಯಲು ಅನುಮತಿ ಕೇಳಿ ಎರಡು ಸಲ ಬರೆದೆ. ನಮೂನೆಯಲ್ಲಿ ಅವಕಾಶವಿಲ್ಲವೆಂದು ಮೊದಲ ಸಲ ಉತ್ತರ ಬಂತು, ಎರಡನೆಯ ಸಲ ಬರಲಿಲ್ಲ. ಕಾಗದ ಹೋಗಿ ಕಂಪ್ಯೂಟರ್ ಬಂದಾಗ ಈಗಲಾದರೂ ಆದೀತೆಂದು ಆಸೆಪಟ್ಟೆ. ಪರದೆಯ ಮೇಲೆಯೂ ಆರು ಹೆಸರುಗಳ ಕೆಳಗೆ ‘ಇತರೆ’ ಎಂದೇ ಇತ್ತು.

ಕಾಕಾ ಈಗ ಇಲ್ಲ. ಅವರ ಮೊಮ್ಮಗ ಅಣಗವಾಡಿ ಸೇತುವೆಯ ಕಡೆ ಬಲೆ ಹಾಕುತ್ತಾನೆ, ಅಪರೂಪದ್ದೇನಾದರೂ ಸಿಕ್ಕರೆ ಮೊಬೈಲಿನಲ್ಲಿ ಚಿತ್ರ ಕಳಿಸುತ್ತಾನೆ. ಮೊನ್ನೆ ಬೆಳಿಗ್ಗೆ ಅವನು ಕರೆದನೆಂದು ಹೋಗಿದ್ದೆ. ಗೇಣುದ್ದದ ಒಂದು ಮೀನು, ತುಟಿಯ ಅಂಚು ಗೊಂಡೆ ಕಟ್ಟಿದಂತೆ, ಪೊರೆಗಳ ಮೇಲೆ ತೆಳುವಾದ ಕೆಂಪು. ನಮ್ಮ ಹೊಳೆಗಳ ಮೂಲದ ಗೆಂಡೆಗಳಲ್ಲೊಂದಾದ ಲೇಬಿಯೊ ಫಿಂಬ್ರಿಯೇಟಸ್ ಇರಬಹುದೆಂದು ನನಗೆ ಅನಿಸಿತು. “ಏನ ಅಂತಾರ್ರೀ ಸರ್ ಇದಕ್ಕ?” ಎಂದು ಅವನು ಕೇಳಿದ. ನಾನು ಪುಸ್ತಕದ ಹೆಸರು ಹೇಳಿದೆ. “ಅದಲ್ರೀ, ನಮ್ಮ ಅಜ್ಜ ಏನ ಅಂತಿದ್ರು?” ಎಂದ. ಆ ಹೆಸರನ್ನು ಕಾಕಾ ನನಗೆ ಹೇಳಿದ್ದರು, ನೋಟುಪುಸ್ತಕದಲ್ಲಿ ಎಲ್ಲೋ ಬರೆದಿದ್ದೇನೆ ಎಂದು ಹೇಳಿ, ತಕ್ಕಡಿಗೆ ಹಾಕಿಸಿ 180 ಗ್ರಾಂ ಎಂದು ಗುರುತು ಮಾಡಿಕೊಂಡೆ. ಅಷ್ಟರಲ್ಲಿ ಸವಾಲು ಕೂಗುವವನು ಬಂದ. ಹುಡುಗ ಮೀನನ್ನು ಜಿಲೇಬಿಯ ಬುಟ್ಟಿಗೆ ಹಾಕಿ ಮುಂದೆ ತಳ್ಳಿದ.